ಒಂದು ಅಪಘಾತ, ಐದು ಲೆಕ್ಕ: ಕಾರು ವಿಮೆಯ ಹೊಣೆ ಎಲ್ಲಿಯವರೆಗೆ

ನಮ್ಮ ಕಾರಿನ ಅಪಘಾತದ ಪ್ರಕರಣ ಕಾರವಾರದ ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಮುಗಿದಿದೆ. ಆದದ್ದು ಇಷ್ಟು: ಮಳೆಗಾಲದ ಸಂಜೆ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಮದಳ್ಳಿ ಹತ್ತಿರ ಕಾರು ಜಾರಿ ಸ್ಕೂಟರಿಗೆ ಬಡಿಯಿತು. ಅಲ್ಲಿಂದ ರಸ್ತೆ ಬದಿಯ ಗೂಡಂಗಡಿಯ ಮುಂಭಾಗ ಕಿತ್ತು, ವಿದ್ಯುತ್ ಕಂಬಕ್ಕೆ ಗುದ್ದಿ ನಿಂತಿತು. ಸ್ಕೂಟರ್ ಸವಾರರ ಕಾಲು ಮುರಿಯಿತು. ಕಾರು ಓಡಿಸುತ್ತಿದ್ದ ಅಣ್ಣನ ಮಗನಿಗೆ ಭುಜದ ಎಲುಬು, ಹಿಂದೆ ಕೂತಿದ್ದ ಅತ್ತೆಗೆ ಮಣಿಕಟ್ಟು. ಕಾರಿನ ಆರ್‌ಸಿ ಇರುವುದು ನನ್ನ ಹೆಸರಿನಲ್ಲಿ.

ಸ್ಕೂಟರ್ ಸವಾರರ ದೇಹ, ಬೇರೆಯವರ ಆಸ್ತಿ, ಕಾರಿನೊಳಗಿದ್ದ ಪ್ರಯಾಣಿಕರು, ಚಾಲಕ, ನಮ್ಮದೇ ಕಾರು – ಹೀಗೆ ಐದು ಬಗೆಯ ನಷ್ಟ ಒಟ್ಟಿಗೆ ಬಂತು. ಐದಕ್ಕೂ ಪಾಲಿಸಿಯಲ್ಲಿ ಐದು ಬೇರೆ ಲೆಕ್ಕ. ‘ಫುಲ್ ಇನ್ಶೂರೆನ್ಸ್ ಇದೆಯಲ್ಲ, ಎಲ್ಲ ಕಂಪನಿ ನೋಡಿಕೊಳ್ಳುತ್ತದೆ’ ಎಂದು ಬಂದವರೆಲ್ಲ ಸಮಾಧಾನ ಹೇಳುತ್ತಿದ್ದರು. ಕಂಪನಿ ಯಾವುದನ್ನು ನೋಡಿಕೊಳ್ಳುತ್ತದೆ, ಎಷ್ಟರವರೆಗೆ, ಯಾವ ಷರತ್ತಿನ ಮೇಲೆ ಎಂಬುದು ಪ್ರಕರಣ ನಡೆದ ಹಾಗೆ ಒಂದೊಂದಾಗಿ ಎದುರಾಯಿತು. ಅದೇ ಕ್ರಮದಲ್ಲಿ ಬರೆಯುತ್ತೇನೆ.

ಮೊದಲು ಪಾಲಿಸಿಯ ಕಾಗದ. ಮೊದಲ ಎರಡು ಪುಟದೊಳಗೆ ‘ಲಿಮಿಟ್ಸ್ ಆಫ್ ಲಯಬಿಲಿಟಿ’ ಎಂಬ ಸಣ್ಣ ಚೌಕ ಇರುತ್ತದೆ. ಪ್ರೀಮಿಯಂ ಲೆಕ್ಕದ ಕೆಳಗೆ, ಓದಲು ಕಣ್ಣು ಕಿರಿದು ಮಾಡಬೇಕಾದಷ್ಟು ಚಿಕ್ಕ ಅಕ್ಷರದಲ್ಲಿ. ಅದರಲ್ಲಿ ಮೂರು ಸಾಲು. ಸೆಕ್ಷನ್ 2-1(1), ಸಾವು ಅಥವಾ ದೈಹಿಕ ಗಾಯ: ಮೋಟಾರು ವಾಹನ ಕಾಯ್ದೆ 1988ರ ಅಗತ್ಯಕ್ಕೆ ತಕ್ಕಷ್ಟು ಮೊತ್ತ. ಸೆಕ್ಷನ್ 2-1(2), ಮೂರನೇ ವ್ಯಕ್ತಿಯ ಆಸ್ತಿಗೆ ಹಾನಿ: 7,50,000 ರೂಪಾಯಿ. ಸೆಕ್ಷನ್ 3, ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ: 15,00,000 ರೂಪಾಯಿ. ಮೊದಲ ಸಾಲಿನಲ್ಲಿ ಅಂಕಿಯೇ ಇಲ್ಲ ಎಂಬುದನ್ನು ಗಮನಿಸಿ. ಮುಂದೆ ಎಲ್ಲಕ್ಕಿಂತ ಮುಖ್ಯವಾಗುವುದು ಅದೇ.

ಅಪಘಾತದ ಸ್ಥಳದಲ್ಲಿ 108ಕ್ಕೂ 112ಕ್ಕೂ ಫೋನು ಹೋಯಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಮತ್ತು 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಕಾಯ್ದೆಯ 134ನೇ ಕಲಮಿನ ಪ್ರಕಾರ ಚಾಲಕನ ಕರ್ತವ್ಯ. ವಿಮಾ ಕಂಪನಿಗೆ ತಿಳಿಸುವುದೂ ಅದೇ ಕಲಮಿನಲ್ಲಿದೆ. ಕಾರನ್ನು ಕದಲಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಟೈರ್ ಜಾರಿದ ಗುರುತು, ರಸ್ತೆಯ ಮೇಲಿನ ನೀರು, ಸ್ಕೂಟರ್ ಬಿದ್ದ ಜಾಗ, ಅಂಗಡಿಯ ಮುಂಭಾಗ ಎಲ್ಲವೂ ಇರಲಿ. ಕಂಬಕ್ಕೆ ಗುದ್ದಿದ್ದರೆ ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್ ಕಾಣುವ ಹಾಗೆ ಒಂದು ಫೋಟೊ ಬೇಕೇ ಬೇಕು. ಮರುದಿನ ಹೊಸ ಕಂಬ ಬಂದು ಹಳೆಯದು ಗಾಡಿ ಏರಿ ಹೋಗುತ್ತದೆ. ಬಿಲ್ಲಿನಲ್ಲಿರುವ ಕಂಬ ಇದೇ ಎಂದು ತೋರಿಸಲು ಆಮೇಲೆ ಬೇರೆ ದಾರಿ ಇರುವುದಿಲ್ಲ.

ಗಾಯಾಳುವಿನ ಕಡೆಯವರಿಗೆ ಒಂದು ಮಾತು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ 1.5 ಲಕ್ಷದವರೆಗೆ, ಅಪಘಾತದ ದಿನದಿಂದ 7 ದಿನ, ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ ಅದು ಪೂರ್ತಿಯಾಗಿ ಸಿಗುವುದು. ದಾಖಲಾಗುವಾಗಲೇ ಕೇಳಿ.

ಸವಾರರನ್ನು ಮೊದಲು ಕಾರವಾರಕ್ಕೆ, ಅಲ್ಲಿಂದ ಗೋವಾಕ್ಕೆ ಒಯ್ದರು. ನಮ್ಮ ಕರಾವಳಿಯಲ್ಲಿ ಇದು ಮಾಮೂಲು: ಪೆಟ್ಟು ದೊಡ್ಡದಾದರೆ ಗೋವಾ, ಮಣಿಪಾಲ ಅಥವಾ ಹುಬ್ಬಳ್ಳಿ. ಇದರಿಂದ ಕಾಗದಪತ್ರದಲ್ಲಿ ಒಂದು ತೊಡಕು ಹುಟ್ಟುತ್ತದೆ. ಪಕ್ಕದ ರಾಜ್ಯದ ಆಸ್ಪತ್ರೆ ತನ್ನ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ ಪ್ರಕರಣ) ಮಾಹಿತಿಯನ್ನು ಅಲ್ಲಿಯ ಪೊಲೀಸ್ ಠಾಣೆಗೆ ಕಳಿಸುತ್ತದೆ. ಅದು ಇಲ್ಲಿಯ ಠಾಣೆಗೆ ಬರುವ ತನಕ ಗಾಯದ ಪ್ರಮಾಣಪತ್ರ ಸೇರದೆ ದೋಷಾರೋಪಪಟ್ಟಿ ನಿಂತಿರುತ್ತದೆ. ಗಾಯಾಳುವಿನ ಮನೆಯವರು ಎಂಎಲ್‌ಸಿ ನಂಬರ್ ಬರೆದುಕೊಂಡು ತನಿಖಾಧಿಕಾರಿಗೆ ಕೊಟ್ಟರೆ ಎಷ್ಟೋ ವಾರ ಉಳಿಯುತ್ತದೆ. ಬಿಲ್ಲುಗಳೂ ಡಿಸ್ಚಾರ್ಜ್ ಸಮ್ಮರಿಯೂ ಅಸಲು ಇರಬೇಕು, ನಕಲು ನಡೆಯುವುದಿಲ್ಲ.

ಆ ರಾತ್ರಿಯೇ ಊರಿನ ಹಿರಿಯರು ಸೇರಿ ‘ಕೇಸು ಗೀಸು ಬೇಡ ಮಾರಾಯ, ಆಸ್ಪತ್ರೆ ಖರ್ಚು ನೀವು ನೋಡಿಕೊಳ್ಳಿ, ಬರೆದು ಮುಗಿಸೋಣ’ ಎಂದರು. ಇದು ಸದುದ್ದೇಶದ ಮಾತು, ಆದರೆ ಇದರಿಂದ ಎರಡೂ ಕಡೆಯವರಿಗೆ ನಷ್ಟ. ಎಫ್‌ಐಆರ್ ಇಲ್ಲದೆ ಗಾಯಾಳುವಿನ ಪರಿಹಾರದ ಅರ್ಜಿ ನಿಲ್ಲುವುದು ಕಷ್ಟ. ಮಾಲೀಕನ ಮಟ್ಟಿಗೆ ಪಾಲಿಸಿಯಲ್ಲಿ ಸ್ಪಷ್ಟ ಷರತ್ತೇ ಇದೆ: ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪು ಒಪ್ಪಿಕೊಳ್ಳುವುದು, ಹಣ ಕೊಡುವ ಭರವಸೆ ಬರೆದುಕೊಡುವುದು, ಹಣ ಕೊಡುವುದು ಯಾವುದೂ ಕೂಡದು. ಸ್ಟ್ಯಾಂಪ್ ಪೇಪರಿನ ಮೇಲೆ ‘ಎಲ್ಲ ಖರ್ಚು ನಮ್ಮದು’ ಎಂದು ಸಹಿ ಹಾಕಿದರೆ, ಅದನ್ನೇ ಹಿಡಿದು ಕಂಪನಿ ತಕರಾರು ತೆಗೆಯಬಹುದು. ಅಪಘಾತದ ರಾತ್ರಿ ಒಬ್ಬರ ಕಾಲಿನ ಶಸ್ತ್ರಚಿಕಿತ್ಸೆಗೆ ಮುಂದೆ ಎಷ್ಟಾಗುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಬರೆದ ಮೊತ್ತ ಯಾರಿಗೂ ನ್ಯಾಯ ಕೊಡದು. ಮನುಷ್ಯತ್ವದಿಂದ ಆಸ್ಪತ್ರೆಗೆ ಹೋಗಿ, ಔಷಧ ತಂದುಕೊಡಿ, ರಕ್ತ ಬೇಕಾದರೆ ಜನ ಹೊಂದಿಸಿ. ಕಾಗದಕ್ಕೆ ಸಹಿ ಮಾತ್ರ ಬೇಡ. ಸವಾರರ ಹೆಂಡತಿಗೆ ಇದನ್ನು ನೇರವಾಗಿಯೇ ಹೇಳಿದೆವು: ‘ಅಕ್ಕ, ಕೇಸು ಆಗಲಿ. ನಿಮಗೆ ಕಂಪನಿಯಿಂದ ಬರಬೇಕಾದ ಹಣ ಬರುವುದು ಆ ದಾರಿಯಿಂದಲೇ.’ ಮೊದಲಿಗೆ ಅವರಿಗೆ ನಂಬಿಕೆ ಬರಲಿಲ್ಲ. ಬಾರದಿದ್ದುದು ಸಹಜವೇ.

ಪೊಲೀಸರ ಕಡೆಯ ಕೆಲಸ 2022ರ ಏಪ್ರಿಲ್ 1ರ ನಂತರ ಸಾಕಷ್ಟು ಬದಲಾಗಿದೆ. 48 ಗಂಟೆಯೊಳಗೆ ಮೊದಲ ಅಪಘಾತ ವರದಿ ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಹೋಗಬೇಕು, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ. ಇದರ ನಡುವೆ ಚಾಲಕ ನಮೂನೆ 3ನ್ನೂ ಮಾಲೀಕ ನಮೂನೆ 4ನ್ನೂ ತುಂಬಿ ಕೊಡಬೇಕು. ಇದರ ಜೊತೆಗೆ 133ನೇ ಕಲಮಿನ ನೋಟಿಸು ಬರುತ್ತದೆ: ಆ ಹೊತ್ತಿಗೆ ವಾಹನ ಓಡಿಸುತ್ತಿದ್ದವರು ಯಾರು ಎಂದು ಮಾಲೀಕ ಬರೆದು ತಿಳಿಸಬೇಕು. ಇಲ್ಲಿ ನಿಜವನ್ನೇ ಬರೆಯಿರಿ. ಲೈಸೆನ್ಸ್ ಇಲ್ಲದ ಮಗನ ಬದಲು ಅಪ್ಪನ ಹೆಸರು ಬರೆಸುವ ಚಾಳಿ ನಮ್ಮ ಕಡೆಯೂ ಇದೆ. ಆಸ್ಪತ್ರೆಯ ದಾಖಲೆ, ಟೋಲ್‌ನ ಕ್ಯಾಮರಾ, ಫೋನಿನ ಲೊಕೇಶನ್ ಇವುಗಳಲ್ಲಿ ಒಂದು ಅದನ್ನು ಬಯಲು ಮಾಡಿದರೆ ಸಾಕು, ಇದ್ದ ರಕ್ಷಣೆಯೂ ಕೈಬಿಟ್ಟು ಹೋಗುತ್ತದೆ. ಆರ್‌ಸಿ, ಪಾಲಿಸಿ, ಚಾಲಕನ ಲೈಸೆನ್ಸ್, ಹೊಗೆ ತಪಾಸಣೆಯ ಪತ್ರ – ಇವುಗಳ ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮೋಟಾರು ವಾಹನ ನಿರೀಕ್ಷಕರು ಬಂದು ಬ್ರೇಕ್, ಸ್ಟೀರಿಂಗ್ ಪರೀಕ್ಷಿಸಿ ವರದಿ ಕೊಡುವವರೆಗೆ ಕಾರು ಠಾಣೆಯ ಅಂಗಳದಲ್ಲೇ. ಮಳೆಯಲ್ಲಿ ನಿಂತ ಕಾರಿನ ವೈರಿಂಗ್ ಹಾಳಾಗುವ ಭಯವಿದ್ದರೆ ಟಾರ್ಪಾಲು ಹೊದಿಸಲು ಅನುಮತಿ ಕೇಳಿ, ಕೊಡುತ್ತಾರೆ.

ವಿಮಾ ಕಂಪನಿಗೆ ತಿಳಿಸುವಾಗ ಜನ ಎಡವುವ ಜಾಗ ಒಂದಿದೆ. ಟೋಲ್ ಫ್ರೀ ನಂಬರಿಗೆ ಫೋನು ಮಾಡಿದರೆ ಸ್ವಂತ ಕಾರಿನ ರಿಪೇರಿಯ ಕ್ಲೇಮ್ ನಂಬರ್ ಕೊಡುತ್ತಾರೆ, ಗ್ಯಾರೇಜಿನವರೂ ಅದನ್ನೇ ಕೇಳುತ್ತಾರೆ. ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ನಷ್ಟವಾದ ಮೂರನೇ ವ್ಯಕ್ತಿಯ ಕ್ಲೇಮ್ ಅದರೊಳಗೆ ಬರುವುದಿಲ್ಲ. ಅದು ಬೇರೆ ವಿಭಾಗ, ಬೇರೆ ನಂಬರ್. ಯಾರಿಗೆ ಗಾಯ, ಯಾರ ಆಸ್ತಿ, ಎಫ್‌ಐಆರ್ ನಂಬರ್ ಏನು ಎಂದು ಪ್ರತ್ಯೇಕ ಇಮೇಲ್ ಮಾಡಿ, ಬಂದ ಉತ್ತರವನ್ನು ಮುದ್ರಿಸಿ ಫೈಲಿಗೆ ಸೇರಿಸಿ. ನಮ್ಮ ಕಾರಿನ ರಿಪೇರಿ ಸರ್ವೇಯರ್ ಬಂದು, ಬಿಡಿಭಾಗದ ಸವಕಳಿ ಕಳೆದು, ಕಂಪಲ್ಸರಿ ಡಿಡಕ್ಟಿಬಲ್ (ಮಾಲೀಕನೇ ಕಟ್ಟಬೇಕಾದ ಪಾಲು) ಹಿಡಿದು ಮಾಮೂಲಿನಂತೆ ಮುಗಿಯಿತು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಮೊದಲು ಬಂದ ಲೆಕ್ಕ ಆಸ್ತಿಯದು. ವಿದ್ಯುತ್ ಕಂಪನಿ ಹೆಸ್ಕಾಂನ ಅಂದಾಜು ಪಟ್ಟಿಯಲ್ಲಿ ಕಂಬ, ತಂತಿ, ಇನ್ಸುಲೇಟರ್, ಕೂಲಿ, ಸಾಗಾಟ ಎಲ್ಲ ಸೇರಿತ್ತು. ಗೂಡಂಗಡಿಯವರದು ಮುಂಭಾಗದ ತಗಡು, ಗಾಜಿನ ಕಪಾಟು, ಮಾಲು, ಒಂದು ಫ್ರಿಜ್. ಸ್ಕೂಟರಿನದು ಬೇರೆ. ಖಾಸಗಿ ಕಾರಿಗೆ ಈ ಸಾಲಿನ ಮಿತಿ 7.5 ಲಕ್ಷ, ದ್ವಿಚಕ್ರ ವಾಹನಕ್ಕೆ 1 ಲಕ್ಷ. ಇದು ತಲೆಗಿಷ್ಟು ಎಂಬ ಲೆಕ್ಕವಲ್ಲ. ಒಂದು ಘಟನೆಯಿಂದ ಹುಟ್ಟಿದ ಎಲ್ಲ ಆಸ್ತಿ ಹಾನಿಗೂ ಸೇರಿ ಒಟ್ಟು 7.5 ಲಕ್ಷ. ಕಂಬ, ಗೂಡಂಗಡಿ, ಹಳೆಯ ಸ್ಕೂಟರ್ ಇಷ್ಟಕ್ಕೆ ಅದು ಧಾರಾಳ ಸಾಕು, ನಮಗೂ ಸಾಕಾಯಿತು. ಆದರೆ ಟ್ರಾನ್ಸ್‌ಫಾರ್ಮರ್ ಉರುಳಿದರೆ, ಎದುರಿನಿಂದ ಬಂದದ್ದು ಲಕ್ಷಗಟ್ಟಲೆ ಬೆಲೆಯ ಕಾರಾದರೆ, ಹಿಂದಿನ ಇನ್ನೆರಡು ವಾಹನವೂ ಸೇರಿದರೆ ಮಿತಿ ದಾಟುವುದು ಕಷ್ಟವೇನಲ್ಲ. ದಾಟಿದ ಪ್ರತಿ ರೂಪಾಯಿಯೂ ಮಾಲೀಕನ ಕಿಸೆಯಿಂದಲೇ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪಾಲಿಸಿ ಮಾಡಿಸುವಾಗ ಆಸ್ತಿ ಹಾನಿಯ ಮಿತಿಯನ್ನು ಬರೀ 6,000 ರೂಪಾಯಿಗೆ ಇಳಿಸುವ ಆಯ್ಕೆ ಇದೆ. ಇಳಿಸಿದರೆ ಕಾರಿಗೆ ಪ್ರೀಮಿಯಂನಲ್ಲಿ 100 ರೂಪಾಯಿ, ದ್ವಿಚಕ್ರಕ್ಕೆ 50 ರೂಪಾಯಿ ಕಡಿಮೆ. ಕಾಗದದಲ್ಲಿ ‘ಟಿಪಿಪಿಡಿ ರಿಸ್ಟ್ರಿಕ್ಟೆಡ್ ಟು 6000’ ಅಥವಾ ‘ಐಎಂಟಿ 20’ ಎಂದು ಇರುತ್ತದೆ. ಟಿಪಿಪಿಡಿ ಎಂದರೆ ಮೂರನೇ ವ್ಯಕ್ತಿಯ ಆಸ್ತಿ ಹಾನಿ. ಐಎಂಟಿ ಅಂಕಿ ಪಾಲಿಸಿಗೆ ಸೇರಿಸುವ ಷರತ್ತಿನ, ಅಂದರೆ ಎಂಡೋರ್ಸ್‌ಮೆಂಟಿನ ಸಂಖ್ಯೆ. ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಕಡಿಮೆ ದರ ಹುಡುಕುವ ಭರದಲ್ಲಿ ಇದಕ್ಕೆ ಟಿಕ್ ಬಿದ್ದಿರುತ್ತದೆ. ಐಎಂಟಿ 20 ಎಂಬ ಅಂಕಿ ನಿಮ್ಮ ಪಾಲಿಸಿಯ ಎಂಡೋರ್ಸ್‌ಮೆಂಟ್ ಪಟ್ಟಿಯಲ್ಲಿ ಇದೆಯೇ ಎಂದು ಈಗಲೇ ತೆಗೆದು ನೋಡಿ. ನೂರು ರೂಪಾಯಿ ಉಳಿಸಲು ಏಳೂವರೆ ಲಕ್ಷದ ರಕ್ಷಣೆ ಬಿಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಗೂಡಂಗಡಿಯ ಲೆಕ್ಕದಲ್ಲಿ ಯಾರೂ ಎಣಿಸದ ತಡೆ ಬಂತು. ಫ್ರಿಜ್ ಅಂಗಡಿಯವರದ್ದಲ್ಲ, ತಂಪು ಪಾನೀಯದ ಕಂಪನಿ ಇಟ್ಟು ಹೋದದ್ದು. ಬಾಗಿಲಿನ ಒಳಬದಿಯಲ್ಲಿ ಅಂಟಿಸಿದ್ದ ಆಸ್ತಿ ಸಂಖ್ಯೆಯ ಚೀಟಿ ನೋಡಿ ಸರ್ವೇಯರ್ ಆ ಮೊತ್ತ ತೆಗೆದರು. ಪರಿಹಾರ ಸಿಗುವುದು ಆಸ್ತಿಯ ಮಾಲೀಕನಿಗೆ, ಆದ್ದರಿಂದ ಅದನ್ನು ಆ ಕಂಪನಿಯೇ ಕೇಳಬೇಕು. ಅಂಗಡಿಯವರು ಉಳಿದ ಸಾಮಾನಿಗೆ ಬಿಲ್ಲು ತೋರಿಸಲು ಪರದಾಡಿದರು. ಕಪಾಟು ಮಾಡಿಕೊಟ್ಟ ಬಡಗಿಯ ರಶೀದಿ, ಸಗಟು ಅಂಗಡಿಯ ಖಾತೆಯ ಪುಟ, ಫೋಟೊ ಇವುಗಳ ಮೇಲೆ ಮೊತ್ತ ನಿಂತಿತು. ನಷ್ಟ ಅನುಭವಿಸಿದವರು ಒಡೆದ ಸಾಮಾನು ಎಸೆಯದೆ ಸರ್ವೇ ಆಗುವ ತನಕ ಒಂದು ಕಡೆ ರಾಶಿ ಹಾಕಿಡಬೇಕು.

ಕಂಬದ ದುಡ್ಡು ಬೇಗ ಕಟ್ಟಿ ಎಂದು ಒತ್ತಾಯ ಬರುತ್ತದೆ. ಕಟ್ಟುವ ಮೊದಲು ಅಂದಾಜು ಪಟ್ಟಿಯನ್ನು ವಿಮಾ ಕಂಪನಿಗೆ ಇಮೇಲ್ ಮಾಡಿ, ‘ಪಾವತಿಸಲು ಲಿಖಿತ ಒಪ್ಪಿಗೆ ಕೊಡಿ’ ಎಂದು ಕೇಳಿ. ಒಪ್ಪಿಗೆ ಬಂದ ಮೇಲೆ ಕಟ್ಟಿ, ರಶೀದಿ ಕಳಿಸಿ. ಒಪ್ಪದಿದ್ದರೆ ಹಾನಿಗೊಳಗಾದವರು ನ್ಯಾಯಮಂಡಳಿಯಲ್ಲೇ ಕೇಳಬಹುದು. ಆಸ್ತಿ ಹಾನಿಯ ಅರ್ಜಿಯನ್ನೂ ಅದು ವಿಚಾರಿಸುತ್ತದೆ. ಇನ್ನೂ ಒಂದು ವಿಷಯ: ನಿಮ್ಮದೇ ಆಸ್ತಿ ಅಥವಾ ನಿಮ್ಮ ವಶದಲ್ಲಿರುವ ಆಸ್ತಿ ಈ ಸಾಲಿಗೆ ಸೇರುವುದೇ ಇಲ್ಲ. ರಿವರ್ಸ್ ತೆಗೆಯುವಾಗ ನಿಮ್ಮ ಮನೆಯ ಗೇಟು ಮುರಿದರೆ, ನಿಮ್ಮದೇ ಬೈಕಿಗೆ ಗುದ್ದಿದರೆ ಅಲ್ಲಿ ಮೂರನೇ ವ್ಯಕ್ತಿಯೇ ಇಲ್ಲ.

ಈಗ ಅಂಕಿಯಿಲ್ಲದ ಸಾಲು. ಸ್ಕೂಟರ್ ಸವಾರರು 166ನೇ ಕಲಮಿನಡಿ ಅರ್ಜಿ ಹಾಕಿದರು. ಅಪಘಾತ ನಡೆದ ಊರು, ಅರ್ಜಿದಾರರ ಊರು, ಎದುರಾಳಿಯ ಊರು, ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಅಪಘಾತದ ದಿನದಿಂದ ಆರು ತಿಂಗಳ ಮಿತಿ ಈಗ ಕಾಯ್ದೆಯಲ್ಲಿದೆ. ಅದನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ, ಆದರೆ ಆ ಭರವಸೆಯಲ್ಲಿ ಯಾರೂ ತಡಮಾಡಬಾರದು. ಸವಾರರ ಸ್ಕೂಟರಿನ ವಿಮೆ ಮುಗಿದಿತ್ತು. ಅದಕ್ಕೆ ದಂಡ ಬೇರೆ. ನಮ್ಮ ಪಾಲಿಸಿಯಿಂದ ಪರಿಹಾರ ಕೇಳುವ ಅವರ ಹಕ್ಕು ಅದರಿಂದ ಹೋಗುವುದಿಲ್ಲ. ಅವರ ಮನೆಯವರಿಗೆ ಇದೇ ಅತಿ ದೊಡ್ಡ ಅಂಜಿಕೆಯಾಗಿತ್ತು.

ಸಾವು ಮತ್ತು ಗಾಯಕ್ಕೆ ಕಂಪನಿಯ ಹೊಣೆಗೆ ಗರಿಷ್ಠ ಮೊತ್ತ ಇಲ್ಲ ಎಂಬುದು ಎಷ್ಟು ದೊಡ್ಡ ಆಸರೆ ಎಂದು ಲೆಕ್ಕ ಹಾಕಿದರೆ ತಿಳಿಯುತ್ತದೆ. ತಿಂಗಳಿಗೆ 15,000 ದುಡಿಯುವ 38 ವರ್ಷದವರು ಎಂದುಕೊಳ್ಳಿ. 2009ರ ಸರಳಾ ವರ್ಮ ತೀರ್ಪಿನ ಪ್ರಕಾರ 36ರಿಂದ 40ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಅಂಕಿ, 15. ಗಾಯದಿಂದ ದುಡಿಮೆಯ ಶಕ್ತಿ ಶೇ. 10 ಕುಂದಿದೆ ಎಂದು ವೈದ್ಯರ ಸಾಕ್ಷ್ಯದ ಮೇಲೆ ತೀರ್ಮಾನವಾದರೆ 15,000 × 12 × 15ರ ಶೇ. 10, ಅಂದರೆ 2,70,000 ರೂಪಾಯಿ. ಇದರ ಮೇಲೆ ಆಸ್ಪತ್ರೆ ಖರ್ಚು, ಮಲಗಿದ್ದ ತಿಂಗಳುಗಳ ದುಡಿಮೆ, ನೋವಿನ ಪರಿಹಾರ, ಮುಂದೆ ರಾಡ್ ತೆಗೆಸುವ ಖರ್ಚು. ವೈದ್ಯರು ಕಾಲಿಗೆ ಹೇಳುವ ಶೇಕಡಾವಾರು ಬೇರೆ, ದುಡಿಮೆಗೆ ಆದ ನಷ್ಟದ ಶೇಕಡಾವಾರು ಬೇರೆ. ದೋಣಿಯಲ್ಲಿ ನಿಂತು ಬಲೆ ಎಳೆಯುವವರಿಗೂ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರಿಗೂ ಅದೇ ಕಾಲಿನ ಮುರಿತ ಒಂದೇ ನಷ್ಟ ತರುವುದಿಲ್ಲ. ಕೆಲಸ ಎಂಥದ್ದು ಎಂಬುದನ್ನು ಅರ್ಜಿದಾರರು ದಾಖಲೆ ಸಹಿತ ತೋರಿಸಬೇಕಾದದ್ದು ಇದಕ್ಕೇ.

ಅದೇ ವ್ಯಕ್ತಿ ತೀರಿಕೊಂಡಿದ್ದರೆ? 2017ರ ಪ್ರಣಯ್ ಸೇಠಿ ತೀರ್ಪಿನಂತೆ 40ರೊಳಗಿನ ಸ್ವಯಂ ಉದ್ಯೋಗಿಗೆ ಮುಂದಿನ ಆದಾಯದ ಲೆಕ್ಕದಲ್ಲಿ ಶೇ. 40 ಸೇರಿಸುತ್ತಾರೆ: ತಿಂಗಳಿಗೆ 21,000, ವರ್ಷಕ್ಕೆ 2,52,000. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ತೀರಿಕೊಂಡವರ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆದು 1,68,000. ಅದನ್ನು 15ರಿಂದ ಗುಣಿಸಿದರೆ 25,20,000. ಅಂತ್ಯಸಂಸ್ಕಾರ, ಬಾಳಸಂಗಾತಿ ಮತ್ತು ಮಕ್ಕಳ ನಷ್ಟ ಇತ್ಯಾದಿ ಬಾಬತ್ತು, ಅರ್ಜಿಯ ದಿನದಿಂದ ಬಡ್ಡಿ ಇದರ ಮೇಲೆ. ದಿನಗೂಲಿಯವರ ಮನೆಗೇ ಇಷ್ಟಾದರೆ, ದೊಡ್ಡ ಸಂಬಳದವರಾದರೆ ಕೋಟಿ ದಾಟುವುದೂ ಉಂಟು. ಇಷ್ಟನ್ನೂ ವರ್ಷಕ್ಕೆ ಕೆಲವೇ ಸಾವಿರದ ಥರ್ಡ್ ಪಾರ್ಟಿ ಪ್ರೀಮಿಯಂ ಹೊರುತ್ತದೆ. ವಿಮೆ ಇಲ್ಲದ ಕಾರಿನ ಮಾಲೀಕನಾದರೆ ತೋಟ, ಮನೆ ಮಾರಿ ಕಟ್ಟಬೇಕು.

ಹೊಣೆಗೆ ಮೊತ್ತದ ಮಿತಿ ಇಲ್ಲವೆಂದ ಮಾತ್ರಕ್ಕೆ ಷರತ್ತಿನ ಮಿತಿ ಇಲ್ಲವೆಂದು ಅರ್ಥವಲ್ಲ. ಕಂಪನಿಯ ಕಡೆಯಿಂದ ಒಬ್ಬ ತನಿಖೆದಾರರು ಮನೆಗೆ ಬಂದರು. ಕೇಳಿದ್ದು ಅಪಘಾತದ ಬಗ್ಗೆ ಕಡಿಮೆ, ಕಾರಿನ ಬಳಕೆಯ ಬಗ್ಗೆ ಹೆಚ್ಚು. ಗೋಕರ್ಣ, ಮುರ್ಡೇಶ್ವರಕ್ಕೆ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತೀರಾ? ಕಾರಿನ ಹಿಂದಿನ ಡಿಕ್ಕಿಯೊಳಗೆ ಏನು ಸಾಮಾನಿತ್ತು? ಹುಡುಗ ಸಂಬಳದ ಚಾಲಕನೋ ಮನೆಯವನೋ? ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಅಥವಾ ಪ್ರತಿಫಲಕ್ಕೆ ಓಡಿಸುವುದು ನಿಷಿದ್ಧ. ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಸರಕು ಸಾಗಿಸುವುದೂ ನಿಷಿದ್ಧ. ಸೀಸನ್ನಿನಲ್ಲಿ ಬಿಳಿ ಬೋರ್ಡಿನ ಕಾರನ್ನು ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡುವವರು, ಶಿರಸಿಯ ಮಾರುಕಟ್ಟೆಗೆ ಹಿಂದಿನ ಸೀಟು ಮಡಚಿ ಅಡಕೆ ಚೀಲ ತುಂಬಿ ಒಯ್ಯುವವರು, ಬಂದರಿನಿಂದ ಮೀನಿನ ಬುಟ್ಟಿ ಸಾಗಿಸುವವರು ಈ ಸಾಲನ್ನು ನಿಧಾನವಾಗಿ ಓದಬೇಕು.

ಷರತ್ತು ಮುರಿದಾಗ ಏನಾಗುತ್ತದೆ? 2004ರ ಸ್ವರಣ್ ಸಿಂಗ್ ತೀರ್ಪಿನ ನಂತರ ಎಷ್ಟೋ ಪ್ರಕರಣಗಳಲ್ಲಿ ನ್ಯಾಯಮಂಡಳಿ ‘ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿ’ ಎಂದು ಕಂಪನಿಗೆ ಆದೇಶಿಸುತ್ತದೆ. ಗಾಯಾಳು ಬದುಕಿಕೊಳ್ಳುತ್ತಾರೆ, ಮಾಲೀಕ ಮುಳುಗುತ್ತಾನೆ. ಪ್ರೀಮಿಯಂ ಚೆಕ್ ಬೌನ್ಸ್ ಆಗಿ, ಪಾಲಿಸಿ ರದ್ದಾದ ಸುದ್ದಿ ಅಪಘಾತಕ್ಕಿಂತ ಮೊದಲೇ ಮಾಲೀಕನಿಗೆ ತಲುಪಿದ್ದರೆ ಕಂಪನಿ ಪೂರ್ತಿ ಕೈತೊಳೆದುಕೊಳ್ಳಬಹುದು.

ಲೈಸೆನ್ಸ್ ಬಗ್ಗೆಯೂ ಕಂಪನಿ ತಕರಾರು ಹಾಕಿತ್ತು. ಅದಕ್ಕೆ ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರಾಕ್ಟ್, ಅಂದರೆ ಕಚೇರಿಯ ದಾಖಲೆಯಲ್ಲಿರುವ ಲೈಸೆನ್ಸ್ ವಿವರದ ಪ್ರತಿ, ಬೇಕು. ಕಾರಿನದಕ್ಕೆ ಬಿ ಎಕ್ಸ್‌ಟ್ರಾಕ್ಟ್. ಅಣ್ಣನ ಮಗನ ಲೈಸೆನ್ಸ್ ಕೊಟ್ಟದ್ದು ಹೊನ್ನಾವರ ಕಚೇರಿ, ಕಾರಿನ ನೋಂದಣಿ ಕಾರವಾರದ ಕೆಎ-30. ಎರಡು ದಾಖಲೆಗೆ ಎರಡು ಕಚೇರಿ. ಅಪಘಾತದ ದಿನಾಂಕದಂದು ಲೈಸೆನ್ಸ್ ಚಾಲ್ತಿಯಲ್ಲಿತ್ತು ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣಬೇಕು. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕೆಜಿಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದ ಮೇಲೆ ಟೆಂಪೊ, ಟ್ಯಾಕ್ಸಿಯವರ ಒಂದು ದೊಡ್ಡ ತಲೆನೋವು ಕಳೆದಿದೆ.

ನಮ್ಮದು ಮಡಗಾಂವಿನಿಂದ ತಂದ ಸೆಕೆಂಡ್ ಹ್ಯಾಂಡ್ ಕಾರು. ಕಾರವಾರದಲ್ಲಿ ಇಂಥವು ಬೇಕಾದಷ್ಟು. ಎನ್‌ಒಸಿ ತಂದು, ಮರುನೋಂದಣಿ ಮಾಡಿಸಿ, ಪಾಲಿಸಿಯನ್ನೂ ನನ್ನ ಹೆಸರಿಗೆ ಮಾಡಿಸಿದ್ದರಿಂದ ಇಲ್ಲಿ ಪ್ರಶ್ನೆ ಏಳಲಿಲ್ಲ. 157ನೇ ಕಲಮಿನಂತೆ ಕಾರು ಕೈಬದಲಾದಾಗ ಥರ್ಡ್ ಪಾರ್ಟಿ ರಕ್ಷಣೆ ತಾನಾಗಿಯೇ ಹೊಸ ಮಾಲೀಕನಿಗೆ ಬರುತ್ತದೆ, ಕೊಂಡವರು 14 ದಿನದೊಳಗೆ ಕಂಪನಿಗೆ ತಿಳಿಸಬೇಕು. ಸ್ವಂತ ಕಾರಿನ ಹಾನಿಯ ಭಾಗ ಹಾಗೆ ತಾನಾಗಿ ಬರುವುದಿಲ್ಲ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಹಳೆಯ ಮಾಲೀಕನ ಸ್ವತ್ತು, ಅದರ ವ್ಯತ್ಯಾಸ ಕಟ್ಟಬೇಕು. ಮಾರಿದವರಿಗೆ ಇನ್ನೂ ಮುಖ್ಯ: ಆರ್‌ಸಿಯಲ್ಲಿ ನಿಮ್ಮ ಹೆಸರು ಉಳಿದಿದ್ದರೆ ಕಾನೂನಿನ ಕಣ್ಣಲ್ಲಿ ನೀವೇ ಮಾಲೀಕರು. 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿದೆ. ಗೋವಾ ನಂಬರಿನಲ್ಲೇ, ಸಹಿ ಹಾಕಿದ ಖಾಲಿ ಫಾರ್ಮು ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಂಡು ಓಡಾಡುವ ಕಾರುಗಳ ಎರಡೂ ಕಡೆಯ ಮಾಲೀಕರು ಇದನ್ನು ಯೋಚಿಸಬೇಕು.

ಅತ್ತೆಯ ಮಣಿಕಟ್ಟಿನ ವಿಷಯ. ಕಾರಿನೊಳಗಿನ ಪ್ರಯಾಣಿಕರು ಮೂರನೇ ವ್ಯಕ್ತಿಯೇ ಎಂಬುದು ಪಾಲಿಸಿಯ ಬಗೆಯ ಮೇಲೆ ನಿಂತಿದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಖಾಸಗಿ ಕಾರಿನಲ್ಲಿ ಉಚಿತವಾಗಿ ಕೂತವರಿಗೆ ಕಂಪನಿಯ ಹೊಣೆ ಇಲ್ಲ ಎಂದು 2006ರ ತಿಲಕ್ ಸಿಂಗ್ ತೀರ್ಪಿನಿಂದ ಈಚೆಗೆ ನ್ಯಾಯಾಲಯಗಳು ಹೇಳುತ್ತ ಬಂದಿವೆ. ಪ್ಯಾಕೇಜ್ ಪಾಲಿಸಿಯಾದರೆ, ಅಂದರೆ ಥರ್ಡ್ ಪಾರ್ಟಿಯ ಜೊತೆ ಸ್ವಂತ ಕಾರಿನ ಹಾನಿಯೂ ಸೇರಿದ್ದಾದರೆ, ಹೊಣೆ ಉಂಟು. 2009ರ ನವೆಂಬರ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು, 2012ರ ಬಾಲಕೃಷ್ಣನ್ ತೀರ್ಪು ಅದನ್ನು ಎತ್ತಿ ಹಿಡಿಯಿತು. ನಮ್ಮದು ಪ್ಯಾಕೇಜ್ ಆಗಿದ್ದರಿಂದ ಅತ್ತೆಯ ಅರ್ಜಿಯೂ ನಿಂತಿತು. ಕಾರು ಹಳೆಯದಾಯಿತೆಂದು ಥರ್ಡ್ ಪಾರ್ಟಿಗೆ ಮಾತ್ರ ಇಳಿಯುವವರು ತಗಡಿನ ಬೆಲೆಯನ್ನಷ್ಟೇ ಲೆಕ್ಕ ಹಾಕುತ್ತಾರೆ, ಹಿಂದಿನ ಸೀಟಿನ ಮನೆಮಂದಿಯ ರಕ್ಷಣೆಯೂ ಅದರೊಟ್ಟಿಗೆ ಹೋಗುತ್ತದೆ ಎಂಬುದನ್ನು ಏಜೆಂಟರೂ ಬಿಡಿಸಿ ಹೇಳುವುದಿಲ್ಲ. ನನಗೆ ಈ ಇಡೀ ವ್ಯವಹಾರದಲ್ಲಿ ಅತ್ಯಂತ ಕಳವಳ ಹುಟ್ಟಿಸಿದ ಸಂಗತಿ ಇದೇ.

ಅಣ್ಣನ ಮಗನಿಗೆ ಮಾತ್ರ ಎಲ್ಲಿಂದಲೂ ಏನೂ ಬರಲಿಲ್ಲ. 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಇರುವುದು ನೋಂದಾಯಿತ ಮಾಲೀಕ ತಾನೇ ಓಡಿಸುವಾಗ ಅಥವಾ ಸಹಚಾಲಕನಾಗಿ ಆ ಕಾರಿನಲ್ಲಿ ಇರುವಾಗ ಅಪಘಾತವಾದರೆ, ಅದೂ ಮಾಲೀಕನಿಗೆ ಚಾಲ್ತಿಯ ಲೈಸೆನ್ಸ್ ಇದ್ದರೆ. ಅದು ಆಸ್ಪತ್ರೆ ಖರ್ಚನ್ನೂ ಕೊಡುವುದಿಲ್ಲ: ಸಾವು ಅಥವಾ ಶಾಶ್ವತ ಸಂಪೂರ್ಣ ಅಂಗವೈಕಲ್ಯಕ್ಕೆ ಪೂರ್ತಿ, ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ ಅರ್ಧ. ಮಾಲೀಕನಿಂದ ಕಾರು ಪಡೆದು ಓಡಿಸುವವನನ್ನು ಕಾನೂನು ಮಾಲೀಕನ ಜಾಗದಲ್ಲೇ ನಿಲ್ಲಿಸುತ್ತದೆ, ಹಾಗಾಗಿ ಅವನು ಮೂರನೇ ವ್ಯಕ್ತಿಯೂ ಅಲ್ಲ. ಕರ್ನಾಟಕದಿಂದಲೇ ಹೋದ 2009ರ ನಿಂಗಮ್ಮ ಪ್ರಕರಣದ ತೀರ್ಪು ಇದನ್ನೇ ಹೇಳುತ್ತದೆ. ಅವನ ಆರೋಗ್ಯ ವಿಮೆಯೇ ಅವನಿಗೆ ಗತಿಯಾಯಿತು. ಸಂಬಳದ ಚಾಲಕನಿದ್ದರೆ ಐಎಂಟಿ 28 ಎಂಬ ಸಾಲು ಸೇರಿಸಿ, ಅದಕ್ಕೆ ಒಬ್ಬರಿಗೆ 50 ರೂಪಾಯಿ.

ನ್ಯಾಯಮಂಡಳಿಯಿಂದ ಸಮನ್ಸ್ ಬಂದಾಗ ‘ಕಂಪನಿಯ ವಕೀಲರು ಇದ್ದಾರಲ್ಲ’ ಎಂದು ಸುಮ್ಮನೆ ಕೂರಬೇಡಿ. ಸಮನ್ಸಿನ ಪ್ರತಿ ತಕ್ಷಣ ಕಂಪನಿಗೆ ಕಳಿಸಬೇಕು, ಅದೂ ಪಾಲಿಸಿಯ ಷರತ್ತು. ಕಂಪನಿಯ ವಕೀಲರು ಕಂಪನಿಯ ವಕೀಲರು. ಪಾಲಿಸಿಯ ಷರತ್ತು ಮುರಿದಿದೆ ಎಂದು ಅವರು ವಾದಿಸಿದರೆ ಎದುರು ನಿಲ್ಲಬೇಕಾದವರು ನೀವು. ನೀವು ಹೋಗದೆ ಏಕಪಕ್ಷೀಯವಾದರೆ ಲೈಸೆನ್ಸನ್ನೂ ಪಾಲಿಸಿಯನ್ನೂ ಹಾಜರುಪಡಿಸುವವರೇ ಇರುವುದಿಲ್ಲ. ನಮಗೆ ಸ್ವಂತ ವಕೀಲರ ಫೀ, ದಾಖಲೆಗಳ ಖರ್ಚು ಬಿದ್ದಿತು. ಅದು ಪಾಲಿಸಿಯಿಂದ ಬರಲಿಲ್ಲ, ಆದರೂ ಕೊಟ್ಟದ್ದು ಸಾರ್ಥಕ.

ಆಮೇಲೆ ಕಾಯುವುದು. ವೈದ್ಯರ ಸಾಕ್ಷ್ಯಕ್ಕೆ ತಾರೀಖು, ಅವರು ಬಾರದೆ ಮತ್ತೊಂದು ತಾರೀಖು. ಲೋಕ ಅದಾಲತ್‌ಗೆ ಒಪ್ಪಿದರೆ ಕಾಲ ಉಳಿಯುತ್ತದೆ, ಕಂಪನಿಯ ಅಧಿಕಾರಿಯೇ ಬಂದು ಮೊತ್ತ ಮಾತಾಡುತ್ತಾರೆ. ಅಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ ಎಂಬುದನ್ನು ಅರ್ಜಿದಾರರು ತಿಳಿದಿರಬೇಕು. ತೀರ್ಪೇ ಬೇಕೆಂದರೆ ಆಮೇಲೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವ ದಾರಿ ಉಂಟು. ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದವರು ಚೌಕಾಸಿಯಲ್ಲಿ ಸೋಲುವುದಿಲ್ಲ. ಸವಾರರ ಹೆಂಡತಿ ಹಾಗೆಯೇ ಮಾಡಿದರು. ಕಂಪನಿ ಮೊದಲು ಹೇಳಿದ ಮೊತ್ತಕ್ಕೂ ಕೊನೆಗೆ ಒಪ್ಪಿದ್ದಕ್ಕೂ ಸಾಕಷ್ಟು ಅಂತರ ಇತ್ತು. ರಾಜಿಪತ್ರದಲ್ಲಿ ‘ಮಾಲೀಕನ ವಿರುದ್ಧ ವಸೂಲಾತಿ ಹಕ್ಕು ಕಾಯ್ದಿರಿಸಿದೆ’ ಎಂಬಂಥ ಸಾಲು ನುಸುಳಿಲ್ಲವೆಂದು ಮಾಲೀಕರು ಸಹಿಗೆ ಮೊದಲು ಓದಿಕೊಳ್ಳಬೇಕು, ದೃಢೀಕೃತ ಪ್ರತಿ ಪಡೆದು ಇಟ್ಟುಕೊಳ್ಳಬೇಕು.

ಚಾಲಕನ ಮೇಲಿನ ಕ್ರಿಮಿನಲ್ ಪ್ರಕರಣ, ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಬಿ), ಇದರಿಂದ ಪೂರ್ತಿ ಬೇರೆ. ಅದರ ದಂಡವನ್ನು ಯಾವ ವಿಮೆಯೂ ಕಟ್ಟುವುದಿಲ್ಲ. ತಪ್ಪೊಪ್ಪಿಗೆ ಕೊಡುವ ಮೊದಲು ವಕೀಲರ ಹತ್ತಿರ ಮಾತಾಡಿ, ಅದು ಪರಿಹಾರದ ಪ್ರಕರಣದಲ್ಲೂ ಸಾಕ್ಷ್ಯವಾಗುತ್ತದೆ.

ಈ ನಡುವೆ ಪಾಲಿಸಿ ನವೀಕರಣದ ದಿನವೂ ಬಂತು. 2022ರ ಜೂನ್ 1ರಿಂದ ಜಾರಿಯಾದ ಥರ್ಡ್ ಪಾರ್ಟಿ ದರ 1000 ಸಿಸಿವರೆಗಿನ ಕಾರಿಗೆ 2,094, 1000ದಿಂದ 1500 ಸಿಸಿಗೆ 3,416, ಅದರ ಮೇಲೆ 7,897 ರೂಪಾಯಿ, ಜಿಎಸ್‌ಟಿ ಬೇರೆ. ಈ ಭಾಗದಲ್ಲಿ ಎಲ್ಲ ಕಂಪನಿಗೂ ಒಂದೇ ದರ, ಚೌಕಾಸಿ ಏನಿದ್ದರೂ ಸ್ವಂತ ಹಾನಿಯ ಭಾಗದಲ್ಲಿ. ನಾವು ಈ ಬಾರಿ ಪ್ಯಾಕೇಜನ್ನೇ ಉಳಿಸಿಕೊಂಡೆವು. ಆಸ್ತಿ ಹಾನಿ 7.5 ಲಕ್ಷ ಎಂದು ಇರುವುದನ್ನು ನೋಡಿ, ಹೆಸರಿಲ್ಲದ ಪ್ರಯಾಣಿಕರಿಗೆ ತಲಾ 2 ಲಕ್ಷದ ಐಎಂಟಿ 16 ಸೇರಿಸಿದೆವು, ಐದು ಸೀಟಿಗೆ ಸುಮಾರು 500 ರೂಪಾಯಿ. ಅಣ್ಣನ ಮಗನ ಹೆಸರಿನಲ್ಲಿ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿಯನ್ನೂ ಮಾಡಿಸಿದೆವು. ಪಾಲಿಸಿಯ ಪಿಡಿಎಫ್ ಬಂದ ದಿನವೇ ಲಿಮಿಟ್ಸ್ ಆಫ್ ಲಯಬಿಲಿಟಿಯ ಚೌಕ, ಎಂಡೋರ್ಸ್‌ಮೆಂಟ್ ಪಟ್ಟಿ, ಎಂಜಿನ್ ಮತ್ತು ಚಾಸಿಸ್ ನಂಬರ್ ಆರ್‌ಸಿಗೆ ಹೊಂದುತ್ತದೆಯೇ ಎಂದು ತಾಳೆ ನೋಡಿ. ತಪ್ಪಿದ್ದರೆ ಆಗಲೇ ಇಮೇಲ್ ಮಾಡಿ ತಿದ್ದಿಸಿಕೊಳ್ಳಿ.